ಜೋರು ಪ್ರಾರ್ಥನೆ

ಎಚ್ಚರವಾಗಿ ಬಹಳ ಹೊತ್ತಾಗಿತ್ತು. ಆದರೆ ಅದು ಯಾರಿಗೂ ಗೊತ್ತಾಗಬಾರದೆಂದು ಪೆಸಮೀನೊ ಸೊಳ್ಳೆಪರದೆಯೊಳಗೆ ಕಣ್ಣು ಮುಚ್ಚಿಕೊಂಡು, ನಿದ್ದೆ ಹೋದವರು ಉಸಿರಾಡುವ ಹಾಗೆ ಉಸಿರಾಡುತ್ತ ಬಿದ್ದುಕೊಂಡಿದ್ದ. ಗೋಡೆಯಿಲ್ಲದ ಮನೆಯಲ್ಲಿ ಇದೊಂದು ಕಷ್ಟ. ಹದಿನಾರು ಕಂಬ, ಮೇಲೊಂದು ತಗಡಿನ ಮಾಡು, ಸುತ್ತ ಬಯಲು. ಅಂಗಳದಲ್ಲಿ ಕೂತವನಿಗೆ ಒಳಗೆ ಮಲಗಿದವನ ಅಂಗಾಲು ಕಾಣುತ್ತದೆ, ಅಂಗಾಲು ಕೆರೆದುಕೊಂಡರೆ ಅದೂ ಕಾಣುತ್ತದೆ. ಅಂಗಳದಲ್ಲಿ ಕೂತವನು ಪಕ್ಕದ ಮನೆಯ ಆಪೆಲು. ಬೆಳಕು ಹರಿಯುವ ಮೊದಲೇ ಬಂದು, ಹತ್ತು ಹೆಜ್ಜೆ ದೂರದಲ್ಲಿ ಮಂಡಿಯೂರಿ, ತಲೆಯಿಂದ ಮಂಡಿಯವರೆಗೆ ನಯವಾಗಿ ನೇಯ್ದ ಚಾಪೆ ಹೊದ್ದುಕೊಂಡು ಕೂತಿದ್ದ. ಮುಂದೆ ಒಂದು ಕಟ್ಟು ಸೌದೆ, ಒಲೆಗೆ ಹಾಕುವ ನಾಲ್ಕು ಕಲ್ಲು, ಮೇಲೊಂದು ಬಾಳೆಲೆ. ತಪ್ಪು ಮಾಡಿದ್ದೇನೆ, ಬೇಕಾದರೆ ನನ್ನನ್ನೇ ಬೇಯಿಸಿಕೋ ಎಂದು ಅದರ ಅರ್ಥ. ನೊಂದವನು ಎದ್ದು ಬಂದು ಚಾಪೆ ಎತ್ತಿದರೆ ಕ್ಷಮಿಸಿದ ಹಾಗೆ. ಬಿಸಿಲು ನೆತ್ತಿಗೆ ಬರುವವರೆಗೂ ಎತ್ತದಿದ್ದರೆ ಚಾಪೆ ಹೊತ್ತವನು ಬಂದ ದಾರಿಗೆ ಸುಂಕವಿಲ್ಲವೆಂದು ಹಿಂತಿರುಗಬೇಕು. ಆಮೇಲೆ ಸೋಮವಾರ ಊರ ಹಿರಿಯರು ಕೂಡುತ್ತಾರೆ, ಆಪೆಲುವನ್ನು ಊರಿಂದ ಹೊರಗೆ ಹಾಕುತ್ತಾರೆ. ಮನೆ ಬಿಡಬೇಕು, ತೋಟ ಬಿಡಬೇಕು, ಮನೆ ಮುಂದೆಯೇ ಇರುವ ಹೆಂಡತಿಯ ಸಮಾಧಿಯನ್ನೂ ಬಿಟ್ಟು ಹೋಗಬೇಕು.

ಅದನ್ನೆಲ್ಲ ಪೆಸಮೀನೊ ಬಲ್ಲ. ಅವನೇನು ಕಲ್ಲುಹೃದಯದವನಲ್ಲ, ಚರ್ಚಿನ ಸಭೆಯಲ್ಲಿ ಪಾದ್ರಿಗೆ ನೆರವಾಗುವ ಡೀಕನ್. ಎತ್ತುವುದಿಲ್ಲ ಎಂದು ಅವನು ಹೇಳಿರಲಿಲ್ಲ. ಯಾವಾಗ ಎತ್ತುವುದು ಎಂಬುದಷ್ಟೇ ಪ್ರಶ್ನೆ. ಎಷ್ಟು ಸಲ ಕ್ಷಮಿಸಬೇಕೆಂದು ಶಾಸ್ತ್ರದಲ್ಲಿ ಲೆಕ್ಕ ಇದೆ. ಎಷ್ಟು ಹೊತ್ತಿನೊಳಗೆ ಎಂದು ಎಲ್ಲೂ ಇಲ್ಲ. ಇದನ್ನು ಅವನು ಪರದೆಯೊಳಗೆ ಮಲಗಿಕೊಂಡೇ ಕಂಡುಹಿಡಿದಿದ್ದ, ಕಂಡುಹಿಡಿದದ್ದಕ್ಕೆ ಸ್ವಲ್ಪ ಖುಷಿಯೂ ಆಗಿತ್ತು. ಅವನ ಅಜ್ಜನ ಮನೆ ಮುಂದೆ ಒಮ್ಮೆ ಪಕ್ಕದೂರಿನ ಇಪ್ಪತ್ತು ಜನ ಹೀಗೆ ಚಾಪೆ ಹೊದ್ದು ಕೂತಿದ್ದರಂತೆ, ಆ ಕಥೆಯನ್ನು ಮನೆಯವರು ಈಗಲೂ ಹೇಳುತ್ತಾರೆ. ತನ್ನ ಕಾಲಕ್ಕೆ ಒಬ್ಬನೇ ಬಂದಿದ್ದಾನೆ, ಅವನಾದರೂ ಬಂದನಲ್ಲ. ಬಿಳಿ ಅಂಗಿ ಹಾಕಿ, ಭಾನುವಾರದ ಪಂಚೆ ಉಟ್ಟು, ಮೆಲ್ಲಗೆ ನಡೆದು ಹೋಗಬೇಕು. ಕೈ ಸ್ವಲ್ಪ ನಡುಗಿದರೂ ಚೆಂದವೇ. ಆದರೆ ಐದು ಗಂಟೆಯ ಕತ್ತಲಲ್ಲಿ ಹೋಗಿ ಎತ್ತಿದರೆ ನೋಡುವವರು ಯಾರು? ಕೋಳಿಗಳು. ಊರು ಏಳಲಿ, ರಸ್ತೆಯಲ್ಲಿ ನಾಲ್ಕು ಜನ ಓಡಾಡಲಿ. ಇಷ್ಟು ಯೋಚಿಸುವಾಗ ಮೂಗಿನ ತುದಿಯಲ್ಲಿ ತುರಿಕೆ ಶುರುವಾಯಿತು.

"ರೀ," ಅಂದಳು ಅವನ ಹೆಂಡತಿ ಸಾಲೋಮೆ, ಪರದೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು. "ರೆಪ್ಪೆ ಅದುರ್ತಾ ಇದೆ."

ಪೆಸಮೀನೊ ಗೊರಕೆ ಹೊಡೆದ.

"ಮೂವತ್ತು ವರ್ಷದಿಂದ ಪಕ್ಕದಲ್ಲಿ ಮಲಗ್ತಿದೀನಿ. ನಿಮ್ ಗೊರಕೆ ಹೀಗಿರಲ್ಲ. ಅದು ಇನ್ನೂ ಅಸಹ್ಯವಾಗಿರತ್ತೆ. ಏಳಿ. ಪಾಪ, ಅವನ ಮಂಡಿ ಹಿಡ್ಕೊಂಡಿರತ್ತೆ."

"ನನ್ನ ಹಣೆ ಹಿಡ್ಕೊಂಡಿಲ್ವಾ?" ಅಂದ ಪೆಸಮೀನೊ, ಕಣ್ಣು ತೆರೆಯದೆ.

ಸಾಲೋಮೆ ಅವನ ಹಣೆಯ ಬಿಳಿ ಪಟ್ಟಿಯನ್ನು ನೋಡಿದಳು. "ಅದರ ಕೆಳಗೆ ಈಗ ಏನಿದೆ ಡೀಕನ್ರೇ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಲೆಯ ಕಡೆ ಹೋದಳು. ಅದರ ಕೆಳಗೆ ಏನೂ ಇರಲಿಲ್ಲ. ಮಂಗಳವಾರ ನರ್ಸಮ್ಮ ಪಟ್ಟಿ ಹಚ್ಚಿದಾಗ ನಿಂಬೆಗಾತ್ರದ ಬಾವು ಇತ್ತು. ಗುರುವಾರ ಬೆಳಿಗ್ಗೆ ಕನ್ನಡಿಯಲ್ಲಿ ನೋಡಿಕೊಂಡರೆ ಇಳಿದುಹೋಗಿತ್ತು. ಅಷ್ಟು ಬೇಗ ಇಳಿದದ್ದು ಅನ್ಯಾಯವೆನ್ನಿಸಿ, ಆ ಕಡೆ ಈ ಕಡೆ ನೋಡಿ, ಅವನೇ ಹೊಸ ಪಟ್ಟಿ ಹಚ್ಚಿಕೊಂಡಿದ್ದ.

ಬಾವು ಬರಿಸಿದ್ದು ಒಂದು ಕೆಸುವಿನ ಗೆಡ್ಡೆ. ಬೆಂದದ್ದು, ಬಿಸಿ ಬಿಸಿಯದು. ಸಂಜೆ ಶಂಖ ಊದಿದ ಮೇಲೆ ನಮ್ಮೂರಲ್ಲಿ ರಸ್ತೆಗೆ ಯಾರೂ ಕಾಲಿಡುವಂತಿಲ್ಲ. ಮನೆಮನೆಯಲ್ಲೂ ಹಾಡು, ಓದು, ಪ್ರಾರ್ಥನೆ. ಮತ್ತೆ ಶಂಖ ಊದುವ ತನಕ ಇನ್ನೊಂದು ಮಾತಿಲ್ಲ. ಗೋಡೆಯಿಲ್ಲದ ಮನೆಗಳಲ್ಲವೇ, ಒಬ್ಬರ ಪ್ರಾರ್ಥನೆ ಇನ್ನೊಬ್ಬರಿಗೆ ಕೇಳಿಸುತ್ತದೆ. ಪೆಸಮೀನೊನ ಗಂಟಲಂತೂ ಆರು ಮನೆ ದಾಟುತ್ತದೆ. ಜಗಳ ಶುರುವಾದದ್ದು ಹೋದ ವರ್ಷ, ಆಪೆಲುವಿನ ಹೆಣ್ಣುಹಂದಿಯಿಂದ. ಅದು ಇವನ ಕೆಸುವಿನ ಪಾತಿ ಅಗೆದು ಹಾಕಿದಾಗ ಪೆಸಮೀನೊ ಹೋಗಿ ಹೇಳಿದ. "ನಂಗ್ಯಾಕೆ ಹೇಳ್ತೀಯ, ಹಂದಿಗೆ ಹೇಳು," ಎಂದು ಆಪೆಲು ನಕ್ಕಿದ್ದ. ಅವತ್ತು ಸಂಜೆ ಪ್ರಾರ್ಥನೆಯ ನಡುವೆ, ಲೋಕದ ರೋಗಿಗಳನ್ನೂ ಕಡಲಿಗೆ ಹೋದವರನ್ನೂ ನೆನೆದಾದ ಮೇಲೆ, ಅವನಿಗೇ ಗೊತ್ತಿಲ್ಲದ ಹಾಗೆ ಬಾಯಿಂದ ಬಂತು: ಕರ್ತನೇ, ನೆರೆಮನೆಯ ಹಂದಿಗಳಿಗೆ ಒಳ್ಳೆಯ ಬುದ್ಧಿ ಕೊಡು, ಅವುಗಳ ಯಜಮಾನರಿಗೂ ಕೊಡು. ಪಕ್ಕದ ಮನೆಯ ಹಾಡು ತಟ್ಟನೆ ನಿಂತಿತು. ಮಾರನೆಯ ದಿನ ನೋಡಿದರೆ ಹಂದಿ ತೆಂಗಿನ ಮರಕ್ಕೆ ಕಟ್ಟಿಸಿಕೊಂಡು ನಿಂತಿದೆ. ಇಷ್ಟು ಬೇಗ ಫಲಿಸಿದ ಪ್ರಾರ್ಥನೆ ಅವನ ಜೀವಮಾನದಲ್ಲೇ ಇನ್ನೊಂದಿರಲಿಲ್ಲ.

ಅಲ್ಲಿಂದ ಅದರ ರುಚಿ ಹತ್ತಿತು. ಹಗಲಲ್ಲಿ ಹೇಳಿದರೆ ಜಗಳವಾಗುವ ಮಾತು, ಸಂಜೆ ಕಣ್ಣು ಮುಚ್ಚಿ ಹೇಳಿದರೆ ಭಕ್ತಿಯಾಗುತ್ತದೆ. ಎದುರು ಮಾತಾಡುವಂತಿಲ್ಲ, ಎದ್ದು ಬರುವಂತಿಲ್ಲ, ಕಿವಿ ಮುಚ್ಚಿಕೊಂಡರೂ ತಪ್ಪೇ. ಕರ್ತನೇ, ಪ್ರಸಂಗದ ವೇಳೆಗೆ ತೂಕಡಿಸುವ ಆಪೆಲುವನ್ನು ಎಚ್ಚರಿಸು. ಕರ್ತನೇ, ಸಭೆಗೆ ತರುತ್ತೇನೆಂದ ಕೋಳಿಯನ್ನು ಆಪೆಲುವಿನ ನೆನಪಿಗೆ ತಾ. ಹೇಳಿ ಮುಗಿಸಿದಾಗ ಎದೆ ಹಗುರಾಗಿ ಊಟ ಎರಡು ತುತ್ತು ಹೆಚ್ಚೇ ಸೇರುತ್ತಿತ್ತು. ಇದು ಭಕ್ತಿಯ ಗುಣವೆಂದೇ ಅವನು ನಂಬಿದ್ದ. ಪೂರ್ತಿ ನಂಬಿರಲಿಲ್ಲ. ಮಂಗಳವಾರ ಹೇಳಿದ ಮಾತನ್ನು ಈಗ ನೆನೆಸಿಕೊಂಡರೆ ಪರದೆಯೊಳಗೆ ಮೈ ಬಿಸಿಯಾಗುತ್ತದೆ. ಕರ್ತನೇ, ಆಪೆಲುವಿನ ಮಗಳ ಮನಸ್ಸು ತಿರುಗಿಸು. ಆಕ್ಲೆಂಡಿನಿಂದ ತಾಯಿಯ ಮಣ್ಣಿಗೂ ಬಾರದ ಮಗಳು ಅವಳು. ತಂದೆಯ ಮೇಲೆ ಅವಳಿಗೆ ಯಾಕೆ ಮುನಿಸೋ ನಿನಗೆ ಗೊತ್ತು, ನಮಗೂ ಸ್ವಲ್ಪ ಗೊತ್ತು. ಆ 'ಸ್ವಲ್ಪ'ವನ್ನು ಅವನು ಎಷ್ಟು ಚೆನ್ನಾಗಿ ಎಳೆದು ಹೇಳಿದ್ದ! ಅಷ್ಟರಲ್ಲಿ ಜಲ್ಲಿಯ ಮೇಲೆ ದಡದಡ ಹೆಜ್ಜೆ. "ನಿನ್ನ ದೇವ್ರಿಗೆ ಕಿವಿ ಕೇಳಲ್ವೇನೋ? ಇಷ್ಟು ಅರಚ್ಕೋತೀಯಲ್ಲ!" ಎಂಬ ಕೂಗು. ಮುಂದಿನದು ಗೆಡ್ಡೆ. ಹಣೆಗೆ ಬಡಿದು, ಎರಡು ಹೋಳಾಗಿ, ಒಂದು ಹೋಳು ಅವನ ಮುದಿತಾಯಿ ಲಾವೀನಿಯಾಳ ಮಡಿಲಿಗೆ ಬಿತ್ತು. ಅವಳು ಆಮೆನ್ ಅಂದು ತಿಂದುಬಿಟ್ಟಳು.

ಪ್ರಾರ್ಥನೆಯ ಹೊತ್ತಲ್ಲಿ ರಸ್ತೆ ತುಳಿದದ್ದು ಒಂದು, ಡೀಕನ್ನನ ಮೇಲೆ ಕೈಮಾಡಿದ್ದು ಎರಡು. ಪ್ರಾರ್ಥನೆಯನ್ನು ಅರ್ಧಕ್ಕೆ ನಿಲ್ಲಿಸಿದ್ದು ಮೂರನೆಯ ತಪ್ಪು ಎಂದು ಪೆಸಮೀನೊನ ವಾದ. ಆದರೆ ತಾಯಿ ಆಮೆನ್ ಅಂದಿದ್ದರಿಂದ ಮುಗಿದ ಹಾಗೇ ಲೆಕ್ಕ ಎಂದು ಕೆಲವರು ಹೇಳುತ್ತಿದ್ದರು.

ಈಗ ಬೆಳಕಾಗಿತ್ತು. ಪಾದ್ರಿ ಅಯ್ಯನವರನ್ನು ಒಂದು ಮಾತು ಕೇಳಿಬರುವುದು ಮೇಲೆನ್ನಿಸಿತು. ಮುಂದಿನಿಂದ ಹೋದರೆ ಚಾಪೆಯನ್ನು ದಾಟಿ ಹೋಗಬೇಕು. ಆದ್ದರಿಂದ ಐವತ್ತೆಂಟು ವರ್ಷದ ಡೀಕನ್ ಸೊಳ್ಳೆಪರದೆಯ ಹಿಂಬದಿಯಿಂದ ತೆವಳಿ, ಅಡುಗೆಮಾಡಿನ ಹಿಂದೆ ಬಗ್ಗಿಕೊಂಡು, ಬಾಳೆಗಿಡಗಳ ನಡುವೆ ಕೋಳಿ ಕದ್ದವನ ಹಾಗೆ ಸಾಗಿ, ಸುತ್ತು ಹಾಕಿ ಎದುರು ಮನೆ ಸೇರಿದ. ಅಯ್ಯನವರು ಕಂಬಕ್ಕೆ ಕನ್ನಡಿ ತೂಗುಹಾಕಿ ಗಡ್ಡ ಕೆರೆಯುತ್ತಿದ್ದರು.

"ಇನ್ನೂ ಎತ್ತಿಲ್ವಲ್ಲ ಪೆಸಮೀನೊ?" ಅಂದರು ಕನ್ನಡಿಯಲ್ಲೇ ನೋಡುತ್ತ.

"ಅದೇ ಕೇಳೋಣ ಅಂತ ಬಂದೆ ಅಯ್ನೋರೇ. ಒಬ್ಬ ನಿಜವಾದ ಕ್ರೈಸ್ತ ಇಂಥಾ ಹೊತ್ತಲ್ಲಿ ಎಷ್ಟು ಹೊತ್ತು ಕಾಯಬೋದು?"

"ನಿಜವಾದವನಾ?" ಅಯ್ಯನವರು ಕತ್ತಿ ತೊಳೆದರು. "ಅಂಥವನು ಸಿಕ್ಕಿದ್ರೆ ಕೇಳಿ ಹೇಳ್ತೀನಿ."

"ಬೇಗ ಎತ್ತಿಬಿಟ್ರೆ ಅವನಿಗೆ ತಪ್ಪಿನ ತೂಕ ಗೊತ್ತಾಗಲ್ಲ ಅಂತ... ಅವನ ಒಳ್ಳೇದಕ್ಕೇ."

ಅಯ್ಯನವರು ಕನ್ನಡಿ ಬಿಟ್ಟು ಅವನ ಕಡೆ ತಿರುಗಿದರು. ಕೆನ್ನೆಯ ಅರ್ಧದಲ್ಲಿ ಸೋಪಿನ ನೊರೆ ಹಾಗೇ ಇತ್ತು. "ನೋಡು, ಬೇಜಾರು ಮಾಡ್ಕೋಬೇಡ. ನಿನ್ ಪ್ರಾರ್ಥನೆ ನಮ್ಮನೇಗೂ ಚೆನ್ನಾಗಿ ಕೇಳಿಸತ್ತೆ. ನಮ್ಮವಳು ಅದಕ್ಕೆ ವಾರ್ತೆ ಅಂತ ಹೆಸರಿಟ್ಟಿದಾಳೆ. 'ಬೇಗ ಆಮೆನ್ ಹೇಳಿ, ವಾರ್ತೆ ಶುರುವಾಗತ್ತೆ' ಅಂತಾಳೆ. ನಾನೂ ಬೇಗ ಮುಗಿಸ್ತೀನಿ. ಒಂದು ವರ್ಷದಿಂದ ಹೀಗೇ. ನಾನೇ ಬಂದು, ನಿಲ್ಸು ಅಂತ ನಿನಗೆ ಹೇಳ್ಬೇಕಿತ್ತು. ಹೇಳ್ಲಿಲ್ಲ, ಕೇಳ್ತಾ ಕೂತೆ. ಮಂಗಳವಾರ ಆ ಮಗಳ ಮಾತು ಬಂದಾಗ ನಂಗನ್ನಿಸಿದ್ದು, ಗೆಡ್ಡೆ ಬರೋದು ತಡವಾಯ್ತು ಅಂತ. ಪಾದ್ರಿಯಾಗಿ ಹಾಗನ್ಕೋಬಾರದು. ಅನ್ಕೊಂಡೆ."

ಬಂದ ದಾರಿಯಲ್ಲೇ ಬಗ್ಗಿಕೊಂಡು ವಾಪಸಾಗುವಾಗ ಪೆಸಮೀನೊನ ಕಿವಿ ಸುಡುತ್ತಿತ್ತು. ವಾರ್ತೆ! ಆರು ಮನೆಗಳೂ ಕಣ್ಣು ಮುಚ್ಚಿ, ತಲೆ ತಗ್ಗಿಸಿ, ತುಟಿ ಕಚ್ಚಿ ನಗು ತಡೆದುಕೊಂಡು ಕೂತಿದ್ದ ಚಿತ್ರ ಎದುರಿಗೆ ಬಂತು. ತಾನು ಭಕ್ತಿ ಎಂದುಕೊಂಡು ಏರಿಸುತ್ತಿದ್ದ ಒಂದೊಂದು ದನಿಗೂ ಯಾರೋ ಮೊಣಕೈಯಲ್ಲಿ ಯಾರನ್ನೋ ತಿವಿದಿರಬೇಕು. ಯಾರೂ ಹೇಳಲಿಲ್ಲವಲ್ಲ ಎಂದು ಸಿಟ್ಟು ಬಂತು. ನಕ್ಕವರ ನಡುವೆ ನಗದೆ ಕೂತಿದ್ದವನು ಆಪೆಲು ಒಬ್ಬನೇ ಎಂಬುದು ಬಾಳೆಗಿಡಗಳನ್ನು ದಾಟುವಾಗ ಹೊಳೆಯಿತು. ಹೊಳೆದದ್ದನ್ನು ಅಲ್ಲೇ ಬಿಟ್ಟು ಬರಲು ನೋಡಿದ, ಆಗಲಿಲ್ಲ.

ಮನೆಗೆ ಬಂದರೆ ಅಲ್ಲಿ ಇನ್ನೊಂದು ಅನಾಹುತ. ಎಂಬತ್ತೈದರ ಲಾವೀನಿಯಾ ಅಂಗಳದ ನಡುವೆ ನಿಂತಿದ್ದಳು, ಕೈಯಲ್ಲಿ ಹಬೆಯಾಡುವ ಕೋಕೋ ಲೋಟ.

"ಅಮ್ಮಾ, ಏನ್ಮಾಡ್ತಿದೀಯ?"

"ಮನೆ ಮುಂದೆ ಯಾರೋ ಕೂತಿದಾರೆ ಕಣೋ. ಬೆಳಿಗ್ಗೆಯಿಂದ ಒಬ್ರೂ ವಿಚಾರಿಸಿಲ್ಲ. ಎಂಥಾ ಮನೆ ಇದು?"

"ಅಮ್ಮಾ, ಅವನಿಗೆ ಕೊಡೋ ಹಾಗಿಲ್ಲ! ಚಾಪೆ ಎತ್ತೋ ತನಕ ಏನೂ ಕೊಡೋ ಹಾಗಿಲ್ಲ. ಅದೇ ಪದ್ಧತಿ."

"ಎತ್ತಲ್ವೋ, ಕೆಳಗಿಂದ ಕೊಡ್ತೀನಿ," ಅಂದು ಮುದುಕಿ ಬಗ್ಗಿ ಲೋಟವನ್ನು ಚಾಪೆಯ ಅಂಚಿನ ಹತ್ತಿರ ಇಟ್ಟಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಚಾಪೆಯ ಕೆಳಗಿಂದ ಒಂದು ದಪ್ಪ ಕೈ ಬಂದು, ಲೋಟವನ್ನು ತಡವಿ ಹಿಡಿದು ಒಳಗೆಳೆದುಕೊಂಡಿತು. ಸೊರ್ರನೆ ಒಂದು ಗುಟುಕಿನ ಶಬ್ದ. "ಸಕ್ಕರೆ ಸರಿಯಾಗಿದ್ಯೇನಪ್ಪ?" ಎಂದು ಲಾವೀನಿಯಾ ಕೇಳಿದಳು. ಚಾಪೆ ಹೌದೆಂದು ತಲೆಯಾಡಿಸಿತು.

ರಸ್ತೆಯಲ್ಲಿ ಯಾರೋ ಕಿಸಕ್ಕೆಂದರು. ಅವನು ಕಾಯುತ್ತಿದ್ದ ನಾಲ್ಕು ಜನ ನಲವತ್ತಾಗಿದ್ದರು. ಕೆಲಸವಿಲ್ಲದಿದ್ದರೂ ಕೊಡಲಿ ಹಿಡಿದು ನಿಂತವರು, ಒಣಗಿದ ಬಟ್ಟೆಯನ್ನೇ ಮತ್ತೆ ಹರವುವವರು. ಹೆಣ್ಣುಹಂದಿ ಕೂಡ ಬಂದಿತ್ತು. ಯಜಮಾನ ಚಾಪೆಯಡಿ ಇದ್ದ ಮೇಲೆ ಅದನ್ನು ಕಟ್ಟುವವರು ಯಾರು? ಅದು ಸೀದಾ ಕೆಸುವಿನ ಪಾತಿಗೆ ಹೋಗಿ ಮೂತಿ ಹಾಕಿತು. ಇಂಥ ಹೊತ್ತಲ್ಲಿ ಡೀಕನ್ ಹಂದಿಯ ಹಿಂದೆ ಓಡುವುದು ಹೇಗೆ? ಚಾಪೆಯ ಕೆಳಗಿಂದಲೇ "ಹೇ, ಹೇ, ಬಾರೇ ಈ ಕಡೆ" ಎಂದು ಸಣ್ಣ ದನಿ ಬಂತು. ಹಂದಿ ಒಮ್ಮೆ ತಿರುಗಿ ನೋಡಿ, ಚಾಪೆ ಮಾತಾಡುವುದು ತನಗೇನು ಹೊಸದಲ್ಲ ಎಂಬಂತೆ ಅಗೆಯುವುದನ್ನು ಮುಂದುವರಿಸಿತು. ತಲೆ ತಗ್ಗಿಸಿ ಕೂತವನು ಈಗಲೂ ನನ್ನ ಪಾತಿಯ ಚಿಂತೆ ಮಾಡುತ್ತಿದ್ದಾನಲ್ಲ ಎಂದು ಪೆಸಮೀನೊಗೆ ಕಿರಿಕಿರಿಯಾಯಿತು.

ಬಿಸಿಲು ಏರುತ್ತಿತ್ತು. ಬಿಳಿ ಅಂಗಿ ಹಾಕಿ, ಗುಂಡಿ ತಪ್ಪಿ, ಮತ್ತೆ ಸರಿಯಾಗಿ ಹಾಕಿಕೊಂಡು ಅವನು ಅಂಗಳಕ್ಕೆ ಇಳಿದ. ಅಂದುಕೊಂಡಂತೆ ಮೆಲ್ಲಗೆ ನಡೆದ, ಕೈ ನಡುಗುತ್ತಿತ್ತು, ನಡುಗಿಸದೆಯೇ. ಹತ್ತಿರ ಹೋದಾಗ ಚಾಪೆಯ ಗುರುತು ಹತ್ತಿತು. ಆಪೆಲುವಿನ ಹೆಂಡತಿ ರೆಪೇಕಾ ನೇಯ್ದದ್ದು. ಕೇದಿಗೆಯ ಗರಿಯನ್ನು ಕೂದಲೆಳೆಯಷ್ಟು ಸಣ್ಣಗೆ ಸೀಳಿ, ದೀವಿಹಲಸಿನ ಮರದ ಕೆಳಗೆ ಮೂರು ವರ್ಷ ಕೂತು ನೇಯ್ದಿದ್ದಳು. ಅಂಚನ್ನು ಸಾಲೋಮೆ ಹಾಕಿಕೊಟ್ಟಿದ್ದಳು. ಇಬ್ಬರೂ ಏನೇನೋ ಮಾತಾಡಿಕೊಂಡು ನಗುತ್ತಿದ್ದುದು ಇವನ ಮಧ್ಯಾಹ್ನದ ನಿದ್ದೆಗೆ ಅಡ್ಡಿಯಾಗುತ್ತಿತ್ತು. ರೆಪೇಕಾಳನ್ನು ಮಣ್ಣಿಗಿಟ್ಟ ದಿನ ಪ್ರಾರ್ಥನೆ ಮಾಡಿದವನು ಪೆಸಮೀನೊನೇ. ಮುಗಿದ ಮೇಲೆ ಆಪೆಲು ಬಂದು ಅವನ ಎರಡೂ ಕೈ ಹಿಡಿದುಕೊಂಡು, "ಜೋರಾಗಿ ಮಾಡ್ದೆ ಕಣೋ. ಅವಳಿಗೆ ಕೇಳಿಸಿರತ್ತೆ," ಅಂದಿದ್ದ. ಅದೇ ಗಂಟಲಿನಿಂದ ತಾನು ಮಂಗಳವಾರ ಆ 'ಸ್ವಲ್ಪ'ವನ್ನು ಎಳೆದದ್ದು. ಆ ಸಮಾಧಿ ಅಲ್ಲೇ, ಇಪ್ಪತ್ತು ಮಾರು ದೂರದಲ್ಲಿ. ಅವಳಿಗೆ ಅವತ್ತು ಕೇಳಿಸಿದ್ದರೆ ಮಂಗಳವಾರವೂ ಕೇಳಿಸಿರಬೇಕು. ಪೆಸಮೀನೊಗೆ ನಾಚಿಕೆಯಾಯಿತು. ಊರೆಲ್ಲ ನೋಡುತ್ತಿದೆ ಎಂಬ ನಾಚಿಕೆಯಲ್ಲ, ಅದು ಬೇರೆ.

ಚಾಪೆಯ ಅಂಚು ಹಿಡಿದ. ಎತ್ತುವ ಮೊದಲು ಒಂದು ಪ್ರಾರ್ಥನೆ ಹೇಳುವುದು ಪದ್ಧತಿ. ಕಣ್ಣು ಮುಚ್ಚಿದ, ಗಂಟಲು ತಾನೇ ತಾನಾಗಿ ತೆರೆದುಕೊಂಡಿತು. "ಕರ್ತನೇ, ನಿನ್ನ ಪಾದಕ್ಕೆ ಬಂದಿರುವ ಈ ಆಪೆಲುವನ್ನು ನೋಡು. ಸಿಟ್ಟಿನಲ್ಲಿ ಬುದ್ಧಿಗೆಟ್ಟ, ಹಂದಿಯನ್ನು ಇವತ್ತೂ ಕಟ್ಟದ..."

ಸಾಲೋಮೆ ಕೆಮ್ಮಿದಳು. ರಸ್ತೆಯಲ್ಲಿ ಯಾರೋ ಪಿಸುಗುಟ್ಟಿದರು, "ವಾರ್ತೆ ಶುರು."

ಅವನು ಬಾಯಿ ಮುಚ್ಚಿದ. ಇನ್ನೊಂದು ತರಹ ಶುರುಮಾಡಲು ನೋಡಿದ. ಆಪೆಲುವಿನ ಹೆಸರಿದ್ದ ಪ್ರಾರ್ಥನೆಗಳು ನೂರು ಬಂದವು, ತನ್ನ ಹೆಸರಿದ್ದದ್ದು ಒಂದೂ ಬರಲಿಲ್ಲ. ಅಂಚು ಹಿಡಿದ ಕೈ ಎತ್ತಲೊಲ್ಲದು, ಬಿಡಲೊಲ್ಲದು. ಎತ್ತಿಬಿಟ್ಟರೆ ಮುಗಿಯಿತು. ಇವನು ಕ್ಷಮಿಸಿದವನಾಗುತ್ತಾನೆ, ಅವನು ಕ್ಷಮೆ ಪಡೆದವನಾಗುತ್ತಾನೆ, ನಾಳೆ ಭಾನುವಾರ ಎಲ್ಲರೂ ಬಂದು ಕೈ ಕುಲುಕುತ್ತಾರೆ. ಅದು ಸುಳ್ಳು ಎಂದು ಗೊತ್ತಿರುವವನು ತಾನೊಬ್ಬನೇ ಅಲ್ಲ, ಇಡೀ ಊರಿಗೆ ಗೊತ್ತು, ಹಂದಿಗೂ ಗೊತ್ತು. ಬಿಳಿ ಅಂಗಿಯಲ್ಲಿ, ಭಾನುವಾರದ ಪಂಚೆಯಲ್ಲಿ, ಅವನು ಹುಲ್ಲಿನ ಮೇಲೆ ಕೂತು, ಚಾಪೆಯ ಅಂಚನ್ನು ತನ್ನ ತಲೆಯ ಮೇಲೆ ಎಳೆದುಕೊಂಡ.

ಒಳಗೆ ಕಂದು ಬೆಳಕು, ಸೆಕೆ, ಕೋಕೋ ವಾಸನೆ. ಆಪೆಲುವಿನ ಮುಖ ಗೇಣು ದೂರದಲ್ಲಿತ್ತು, ಬೆವರಿಳಿಯುತ್ತಿತ್ತು.

"ಏಯ್, ಇದೇನೋ? ಇದು ನನ್ ಜಾಗ. ನಿಂದು ಎತ್ತೋ ಕೆಲಸ."

"ಗೊತ್ತು. ಸ್ವಲ್ಪ ಸರ್ಕೋ."

"ಇಬ್ರೂ ಒಳಗೆ ಕೂತ್ರೆ ಎತ್ತೋರು ಯಾರು?"

ಪೆಸಮೀನೊ ಅದನ್ನು ಯೋಚಿಸಿರಲಿಲ್ಲ. ಲೋಟ ಉರುಳದ ಹಾಗೆ ಆಪೆಲು ಸರಿದು ಜಾಗ ಕೊಟ್ಟ. "ನಿನ್ ಮಗಳ ಮಾತು," ಎಂದು ಪೆಸಮೀನೊ ಉಸಿರಲ್ಲೇ ಹೇಳಿದ. "ಆಡಬಾರದಿತ್ತು. ದೇವ್ರಿಗೆ ಅಂತ ಹೇಳಿದ್ದಲ್ಲ ಅದು. ನಿನಗೆ ಕೇಳಿಸ್ಲಿ ಅಂತಾನೇ ಹೇಳಿದ್ದು. ಹಂದಿದೂ ಹಾಗೇ. ಕೋಳಿದೂ."

ಆಪೆಲು ಲೋಟದಲ್ಲಿ ಉಳಿದ ಗುಟುಕನ್ನು ಕುಡಿದು ಕೆಳಗಿಟ್ಟ. ಆಮೇಲೆ, "ಬುಧವಾರ ಅವಳು ಫೋನ್ ಮಾಡಿದ್ಲು. ಯಾರೋ ಸುದ್ದಿ ಮುಟ್ಸಿದಾರೆ. 'ಡೀಕನ್ನಿಗೆ ಗೆಡ್ಡೇಲಿ ಹೊಡೆದ್ಯಂತೆ ಅಪ್ಪಾ' ಅಂತ ನಗ್ತಾ ಇದ್ಲು. ಅವಳಮ್ಮ ಹೋದ್ಮೇಲೆ ಇದೇ ಮೊದಲು ಅವಳು ನಗೋದು ಕೇಳಿದ್ದು," ಅಂದ.

ಪೆಸಮೀನೊನ ಎದೆ ಜಗ್ಗನೆ ಎದ್ದು ಕುಣಿಯಿತು. ಮಗಳ ಮನಸ್ಸು ತಿರುಗಿಸು ಎಂದಿದ್ದ, ಒಂದೇ ದಿನದಲ್ಲಿ ತಿರುಗಿದೆ! ನೋಡಿದ್ಯಾ ನನ್ ಪ್ರಾರ್ಥನೆ ಎಂಬ ಮಾತು ನಾಲಗೆಯ ತುದಿಯವರೆಗೂ ಬಂತು, ಹಲ್ಲಿನ ಹಿಂದೆ ನಿಂತು ಒದ್ದಾಡಿತು. ಅವನು ಅದನ್ನು ನುಂಗಿದ. ಅದು ಇಳಿಯುವುದಕ್ಕೆ ಹೊತ್ತು ಹಿಡಿಯಿತು, ಕಣ್ಣಲ್ಲಿ ನೀರು ಬಂತು. ಡೀಕನ್ನಾಗಿ ಹದಿನೇಳು ವರ್ಷದಲ್ಲಿ ಇಷ್ಟು ಕಷ್ಟದ ಕೆಲಸ ಅವನು ಮಾಡಿರಲಿಲ್ಲ.

ಬೆವರಿಗೆ ಹಣೆಯ ಪಟ್ಟಿ ಒಂದು ಕಡೆ ಬಿಟ್ಟುಕೊಂಡು ಹುಬ್ಬಿನ ಮೇಲೆ ಜೋತಾಡುತ್ತಿತ್ತು. ಆಪೆಲುವಿನ ಕಣ್ಣು ಅಲ್ಲಿಗೆ ಹೋದದ್ದನ್ನು ಪೆಸಮೀನೊ ಕಂಡ. ಪಟ್ಟಿಯ ಕೆಳಗಿನ ಹಣೆ ಹಸುಗೂಸಿನ ಹಣೆಯ ಹಾಗೆ ನುಣ್ಣಗಿತ್ತು. ಆಪೆಲು ಹೆಬ್ಬೆರಳಲ್ಲಿ ಪಟ್ಟಿಯನ್ನು ಮೇಲಕ್ಕೆ ಸರಿಸಿ, ಮೊದಲಿದ್ದ ಕಡೆಯೇ ಕೂರಿಸಿ, ಬಿಡದಂತೆ ಗಟ್ಟಿಯಾಗಿ ಒತ್ತಿದ.

"ಆಯ್ತು," ಅಂದ ಆಮೇಲೆ. "ಆದ್ರೆ ಮಂಗಳವಾರ ಎಷ್ಟು ಜೋರಾಗಿ ಹೇಳಿದ್ದೆ? ಈಗ್ಲೂ ಅಷ್ಟೇ ಜೋರಾಗಿ ಹೇಳ್ಬಿಡು."

ಪೆಸಮೀನೊ ಬಾಯಿ ತೆರೆದ. "ನಾನು ಪೆಸಮೀನೊ," ಅಂದ, "ನನ್ನ ನೆರೆಯವನನ್ನ..." ಉಳಿದದ್ದು ಚಾಪೆಯೊಳಗೇ ಉಳಿಯಿತು.

"ಕೇಳಿಸ್ಲಿಲ್ಲ!" ಎಂದು ಹೊರಗಿಂದ ಲಾವೀನಿಯಾ ಕೂಗಿದಳು. ರಸ್ತೆಯಲ್ಲಿ ನಗು. ಹತ್ತಿರದಲ್ಲೇ ಬಟ್ಟೆಯ ಸರಸರ ಸದ್ದಾಯಿತು. ಸಾಲೋಮೆಯ ಕಾಲಿನ ಬೆರಳುಗಳು ಅಂಚಿನ ಪಕ್ಕದಲ್ಲಿ ಕಂಡವು. ತಾನೇ ಹಾಕಿದ ಅಂಚನ್ನು ಅವಳು ಎರಡೂ ಕೈಯಲ್ಲಿ ಹಿಡಿದುಕೊಂಡಳು, ಎತ್ತಲಿಲ್ಲ. "ಅಯ್ನೋರ ಮನೆವರ್ಗೂ ಹೋಗ್ಬೇಕು ರೀ. ದಿನಾ ಹೋಗ್ತಿತ್ತಲ್ಲ," ಅಂದಳು. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ.

ಅವನು ಉಸಿರೆಳೆದುಕೊಂಡ. "ಕರ್ತನೇ!" ಎಂದು ಕೂಗಿದ. ತೆಂಗಿನ ಮರದ ಹಕ್ಕಿಗಳು ಎದ್ದವು. "ಈ ಪೆಸಮೀನೊನನ್ನು ನೋಡು! ನಿನ್ನ ಹೆಸರು ಹಿಡಿದು ಒಂದು ವರ್ಷ ನೆರೆಯವನಿಗೆ ಕಲ್ಲು ಹೊಡೆದವನು! ತಾಯಿ ಸತ್ತ ಹುಡುಗಿಯ ಮಾತು ಎತ್ತಿದವನು! ಮೊದಲು ಹೊಡೆದವನು ನಾನು, ಆಪೆಲು ಅಲ್ಲ! ಗೆಡ್ಡೆ ಆಮೇಲೆ ಬಂತು!"

ಎಲ್ಲೂ ನಗು ಕೇಳಿಸಲಿಲ್ಲ. ರಸ್ತೆಯಾಚೆ ಅಯ್ಯನವರ ಮನೆಯಿಂದ ಏನೋ ಕೆಳಗಿಟ್ಟ ಸದ್ದು, ಆಮೇಲೆ ಒಂದು ಆಮೆನ್.

"ಈಗ ಕೇಳಿಸ್ತು," ಅಂದಳು ಲಾವೀನಿಯಾ.

ಸಾಲೋಮೆ ಚಾಪೆ ಎತ್ತಿದಳು. ಬೆಳಕು ಕಣ್ಣು ಚುಚ್ಚಿತು. ಇಬ್ಬರೂ ಹುಲ್ಲಿನ ಮೇಲೆ ಬೆವರಿ ತೊಯ್ದು ಕೂತಿದ್ದರು, ನಡುವೆ ಖಾಲಿ ಲೋಟ. ಆಪೆಲು ಮಂಡಿ ಹಿಡಿದುಕೊಂಡು ಏಳಲು ನೋಡುತ್ತಿದ್ದ. ಪೆಸಮೀನೊ ಅವನ ರಟ್ಟೆಗೆ ಒಂದು ಕೈ ಕೊಟ್ಟ. ಇನ್ನೊಂದು ಕೈಯನ್ನು ಹಣೆಗೆ ಹಾಕಿ, ಊರೆಲ್ಲ ನೋಡುತ್ತಿದ್ದ ಹಾಗೇ, ಆಪೆಲು ಒತ್ತಿ ಕೂರಿಸಿದ್ದ ಪಟ್ಟಿಯನ್ನು ಕಿತ್ತು ತೆಗೆದ.